ಕೊಬ್ಬು ತೆಗೆಸೋದು ಅರ್ಧ ದಿನದ ಕೆಲಸ, ಆ ರಾತ್ರಿ ನಿಮ್ಮ ಪಕ್ಕ ಯಾರಿರುತ್ತಾರೆ?

ಪ್ರಶ್ನೆ: ಡಾಕ್ಟರ್ ಮೇಡಂ, ನಾನು ಸಿಂಧನೂರಿನವಳು. ವಯಸ್ಸು 31. ಎತ್ತರ 5 ಅಡಿ 2 ಇಂಚು, ತೂಕ 78 ಕೆಜಿ. ಎರಡು ಹೆರಿಗೆ, ಎರಡೂ ಸಿಸೇರಿಯನ್. ಎರಡನೇ ಸಲ ಜೊತೆಗೇ ಮಕ್ಕಳಾಗದ ಆಪರೇಷನ್ನೂ ಆಯಿತು. ಮುಟ್ಟು ಸರಿಯಾಗಿ ಬರಲ್ಲ ಅಂತ ಹಾರ್ಮೋನ್ ಮಾತ್ರೆ ತಗೊಳ್ತಿದ್ದೇನೆ. ಹೊಟ್ಟೆ ಮಾತ್ರ ಇಳಿಯುತ್ತಿಲ್ಲ. ಈಗಲೂ ಕೆಲವರು "ಎಷ್ಟು ತಿಂಗಳು?" ಅಂತ ಕೇಳುತ್ತಾರೆ. ಮೇ ತಿಂಗಳಲ್ಲಿ ತಮ್ಮನ ಮದುವೆ ಇದೆ, ಇನ್ನು ಎರಡೂವರೆ ತಿಂಗಳು. ಬೆಂಗಳೂರಿನ ಒಂದು ಕ್ಲಿನಿಕ್‌ನವರು ಫೋನಿನಲ್ಲಿ, "ಒಂದೇ ದಿನ, ನೋವಿಲ್ಲ, 8ರಿಂದ 10 ಕೆಜಿ ಇಳಿಯುತ್ತೆ. ಬೆಳಗ್ಗೆ ಬಂದು ರಾತ್ರಿ ಬಸ್ಸಿಗೆ ವಾಪಸ್ ಹೋಗಬಹುದು. ದುಡ್ಡು ಕಂತಿನಲ್ಲಿ ಕಟ್ಟಿ" ಅಂತಿದ್ದಾರೆ. ಮನೆಯಲ್ಲಿ ಹೇಳಿಲ್ಲ. ತಂಗಿ ಮನೆಗೆ ಹೋಗ್ತೀನಿ ಅಂತ ಹೇಳಿ ಹೋಗಿಬರುವ ಯೋಚನೆ. ಇದು ಸೇಫ್ ಅಲ್ವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆ ಕರಗಿಸಬೇಕು ಅನ್ನೋ ಆಸೆಗೆ ನಾನು ನಿಮ್ಮನ್ನು ಬೈಯುವುದಿಲ್ಲ. ಎರಡು ಮಕ್ಕಳನ್ನು ಹೆತ್ತ ಮೈಯನ್ನು ನೋಡಿ "ಎಷ್ಟು ತಿಂಗಳು" ಅಂತ ಕೇಳುವವರ ಮಾತು ಎಷ್ಟು ಚುಚ್ಚುತ್ತದೆ ಅಂತ ನನಗೂ ಗೊತ್ತು. ಕನ್ನಡಿ ಮುಂದೆ ನಿಂತಾಗ ತನ್ನ ಮೈ ತನಗೆ ಚೆನ್ನಾಗಿ ಕಾಣಲಿ ಅನ್ನೋದು ತಪ್ಪಲ್ಲ.

ನಾನು ಪ್ಲಾಸ್ಟಿಕ್ ಸರ್ಜನ್ ಅಲ್ಲ. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ಅರಿವಳಿಕೆ ಡಾಕ್ಟರ್ ಆಗಿದ್ದೇನೆ. ಜನ "ಮತ್ತು ಕೊಡೋ ಡಾಕ್ಟರ್" ಅಂತಾರಲ್ಲ, ಅದೇ. ಆಪರೇಷನ್ ಮುಗಿಯೋವರೆಗೆ ರೋಗಿಯ ತಲೆಯ ಹತ್ತಿರ ಕೂತು ಉಸಿರು, ನಾಡಿ, ಬಿಪಿ, ಒಳಗೆ ಹೋದ ನೀರು, ಹೊರಗೆ ಬಂದ ಮೂತ್ರ, ಇಷ್ಟರ ಲೆಕ್ಕ ಇಡೋದು ನಮ್ಮ ಕೆಲಸ. ಹಾಗಾಗಿ ಹೊಟ್ಟೆ ಎಷ್ಟು ಚಪ್ಪಟೆ ಆಗುತ್ತದೆ ಅನ್ನೋದಕ್ಕಿಂತ ನಿಮ್ಮ ಪತ್ರದ ಎರಡು ಮಾತುಗಳ ಮೇಲೆ ನನ್ನ ಕಣ್ಣು ನಿಂತಿತು. ಒಂದು, ರಾತ್ರಿ ಬಸ್ಸು. ಇನ್ನೊಂದು, ಮನೆಯಲ್ಲಿ ಹೇಳಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಬೆಳಗಿನ ಜಾವ ಎಮರ್ಜೆನ್ಸಿಯಿಂದ ಫೋನ್ ಬಂತು. ಒಬ್ಬ ಹೆಣ್ಣುಮಗಳು ಬಂದಿದ್ದಾಳೆ, ಉಸಿರಾಟ ಸರಿ ಇಲ್ಲ, ಬನ್ನಿ ಅಂದರು. ಹೋಗಿ ನೋಡಿದರೆ ಮೂವತ್ತೈದರ ಒಳಗಿನ ವಯಸ್ಸು. ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು, ಮಲಗಲು ಆಗುತ್ತಿರಲಿಲ್ಲ. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ 84 ತೋರಿಸುತ್ತಿತ್ತು, ಬಹಳ ಕಡಿಮೆ. "ಬಸ್ಸಿನ್ಯಾಗ ಎಸಿ ಜಾಸ್ತಿ ಇತ್ರಿ, ತಂಡಿ ಹಿಡದೈತಿ, ಅದಕ್ಕ ದಮ್ಮು ಹತ್ತಾಕತ್ತೈತಿ" ಅಂದಳು. ಪಕ್ಕದಲ್ಲೇ ಅತ್ತೆ ನಿಂತಿದ್ದರು. ಈಚೆಗೆ ಏನಾದರೂ ಆಪರೇಷನ್ ಆಗಿತ್ತಾ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದಳು. ಡ್ಯೂಟಿ ಡಾಕ್ಟರು ಅಸ್ತಮಾ ಇರಬಹುದು ಅಂತ ಅಷ್ಟರಲ್ಲಾಗಲೇ ಎರಡು ಸಲ ನೆಬುಲೈಸರ್ ಹಾಕಿದ್ದರು.

ಇಸಿಜಿ ತೆಗೆಯಲು ನರ್ಸ್ ನೈಟಿಯ ಗುಂಡಿ ಬಿಚ್ಚಿದಾಗ ಒಳಗೆ ಇನ್ನೊಂದು ಬಟ್ಟೆ ಕಂಡಿತು. ಎದೆಯ ಕೆಳಗಿನಿಂದ ತೊಡೆಯವರೆಗೆ ಚರ್ಮಕ್ಕೆ ಅಂಟಿಕೊಂಡಂತೆ ಬಿಗಿಯಾಗಿತ್ತು. ಹೊಕ್ಕುಳದ ಹತ್ತಿರ ಕೆಂಪು ನೀರು ಒಸರಿ ಒಣಗಿತ್ತು. ಅತ್ತೆಯನ್ನು ಹೊರಗೆ ಕಳಿಸಿ ಮತ್ತೆ ಕೇಳಿದೆ. ಆಗ ಅತ್ತುಬಿಟ್ಟಳು. ಮೂರು ದಿನದ ಹಿಂದೆ ಬೇರೆ ಊರಲ್ಲಿ ಹೊಟ್ಟೆ, ತೊಡೆ ಎರಡರ ಕೊಬ್ಬೂ ತೆಗೆಸಿಕೊಂಡಿದ್ದಳು. ಮಾರನೇ ರಾತ್ರಿಯೇ ಬಸ್ಸು ಹತ್ತಿದ್ದಳು. ಎಡಗಾಲು ಬಲಗಾಲಿಗಿಂತ ದಪ್ಪ ಇತ್ತು, ಮೀನಖಂಡ ಮುಟ್ಟಿದರೆ ನೋಯುತ್ತಿತ್ತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಅಲ್ಲಿಂದ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಸಿಟಿ ಸ್ಕ್ಯಾನಿನಲ್ಲಿ ಅದು ಖಾತ್ರಿಯಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರು ಮಾಡಿದೆವು, ಆರು ದಿನ ಐಸಿಯುನಲ್ಲಿ ಇದ್ದು ಉಳಿದಳು. ಆದರೆ ಆಕೆ "ಇಲ್ಲ" ಅಂತ ತಲೆ ಆಡಿಸಿದ್ದರಿಂದ ನಾವು ಒಂದೂವರೆ ಗಂಟೆ ಕಳೆದುಕೊಂಡೆವು. ಇಂಥ ಕಾಯಿಲೆಯಲ್ಲಿ ಒಂದೂವರೆ ಗಂಟೆ ಅಂದರೆ ಬಹಳ.

ಈಗ ಈ ಚಿಕಿತ್ಸೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ ಅಂತ ನೋಡೋಣ. ಲೈಪೊಸಕ್ಷನ್ ಅಂದರೆ ಚರ್ಮದ ಕೆಳಗಿನ ಕೊಬ್ಬನ್ನು ತೂತಿರುವ ತೆಳು ಉಕ್ಕಿನ ಕೊಳವೆಯಿಂದ ಹೀರಿ ತೆಗೆಯುವುದು. ಗಾಯ ನೋಡಿದರೆ ಅರ್ಧ ಸೆಂಟಿಮೀಟರ್ ತೂತು, ಒಂದೋ ಎರಡೋ ಹೊಲಿಗೆ. ಅದನ್ನು ತೋರಿಸಿಯೇ "ಸಣ್ಣ ಪ್ರೊಸೀಜರ್" ಅನ್ನೋದು. ಆದರೆ ಆ ತೂತಿನ ಒಳಗೆ ಕೊಳವೆ ಹೊಟ್ಟೆಯ ಅಗಲಕ್ಕೂ ನೂರಾರು ಸಲ ಹಿಂದೆ ಮುಂದೆ ಓಡಾಡಿರುತ್ತದೆ. ಒಳಗಿನ ಗಾಯ ಅಂಗೈಯಷ್ಟಲ್ಲ, ಒಂದು ದೊಡ್ಡ ತಟ್ಟೆಯಷ್ಟು ಇರುತ್ತದೆ. ಕಣ್ಣಿಗೆ ಕಾಣಲ್ಲ ಅಷ್ಟೇ.

ಹೀರುವ ಮೊದಲು ಆ ಜಾಗಕ್ಕೆ ಲೀಟರ್‌ಗಟ್ಟಲೆ ಸಲೈನ್ ತುಂಬುತ್ತಾರೆ. ಅದರಲ್ಲಿ ಎರಡು ಔಷಧಿ ಬೆರೆಸಿರುತ್ತಾರೆ. ಒಂದು ಲಿಗ್ನೋಕೇನ್, ಹಲ್ಲು ಕೀಳುವಾಗ ಒಸಡಿಗೆ ಕೊಡುತ್ತಾರಲ್ಲ, ಅದೇ ಮರಗಟ್ಟಿಸುವ ಔಷಧಿ. ಇನ್ನೊಂದು ಅಡ್ರಿನಾಲಿನ್, ರಕ್ತನಾಳಗಳನ್ನು ಬಿಗಿ ಮಾಡಿ ರಕ್ತ ಹೋಗದಂತೆ ತಡೆಯಲು. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಅದಕ್ಕೂ ಮೊದಲು ಈ ಆಪರೇಷನ್‌ನಲ್ಲಿ ರಕ್ತ ತುಂಬಾ ಹೋಗುತ್ತಿತ್ತು, ರಕ್ತ ಹಾಕಿಸುವ ಪ್ರಸಂಗ ಬರುತ್ತಿತ್ತು. ಈ ದ್ರಾವಣ ಬಂದ ಮೇಲೆ ಅದು ಬಹಳ ಕಡಿಮೆಯಾಯಿತು. ಇದು ನಿಜವಾಗಿಯೂ ದೊಡ್ಡ ಉಪಕಾರ.

ಆದರೆ ಅದೇ ನೀರಿಗೆ ಲೆಕ್ಕ ಬೇಕು. 3 ಲೀಟರ್ ತೆಗೆಯಬೇಕು ಅಂದರೆ ಸುಮಾರು 3 ಲೀಟರ್, ಕೆಲವು ವಿಧಾನಗಳಲ್ಲಿ ಅದರ ಎರಡು ಮೂರು ಪಟ್ಟು ಒಳಗೆ ಬಿಡುತ್ತಾರೆ. ಹೀರಿದಾಗ ಅದೆಲ್ಲ ವಾಪಸ್ ಬರುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಒಳಗೇ ಉಳಿದು ಮುಂದಿನ ಗಂಟೆಗಳಲ್ಲಿ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ. ಅರ್ಧ ಲೀಟರಿನ ಸಲೈನ್ ಬಾಟಲಿ ನೀವು ನೋಡಿಯೇ ಇರುತ್ತೀರಿ, ನಮ್ಮ ಕಡೆ ಎಲ್ಲದಕ್ಕೂ ಗ್ಲೂಕೋಸ್ ಬಾಟಲಿ ಅಂತಾರೆ. ಅಂಥ ನಾಲ್ಕೈದು ಬಾಟಲಿ ಚರ್ಮದ ಕೆಳಗೆ ಕಾದು ಕೂತಿವೆ ಅಂತ ಇಟ್ಟುಕೊಳ್ಳಿ. ಇದು ಗೊತ್ತಿಲ್ಲದ ಯಾರೋ ಕೈಗೂ ಮೂರು ಬಾಟಲಿ ಹಾಕಿದರೆ ಆ ನೀರು ಎಲ್ಲಿಗೆ ಹೋಗಬೇಕು? ಹೃದಯ ತಳ್ಳಲಾಗದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಜಾಸ್ತಿ ಕೊಬ್ಬು ತೆಗೆದು ನೀರು ಕಡಿಮೆ ಬಿದ್ದರೆ ಬಿಪಿ ಕುಸಿಯುತ್ತದೆ. ಅದಕ್ಕೇ ಈ ಆಪರೇಷನ್‌ನಲ್ಲಿ ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಮೂತ್ರ ಎಷ್ಟಾಯಿತು ಅಂತ ಒಬ್ಬರು ಕಾಗದದ ಮೇಲೆ ಬರೆಯುತ್ತಾ ಇರಬೇಕು. ಆ ಒಬ್ಬರು ಸರ್ಜನ್ ಆಗಿರಲು ಆಗುವುದಿಲ್ಲ. ಅವರ ಕೈ ಕೊಳವೆಯ ಮೇಲಿರುತ್ತದೆ.

ಇನ್ನು ಲಿಗ್ನೋಕೇನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಿಮ್ಮ ರಾತ್ರಿ ಬಸ್ಸಿಗೆ ಇದು ನೇರ ಸಂಬಂಧ. ಮಾಮೂಲಿ ಬಳಕೆಯಲ್ಲಿ ಅಡ್ರಿನಾಲಿನ್ ಜೊತೆ ಕೊಟ್ಟರೂ ಇದನ್ನು ದೇಹದ ತೂಕದ ಕೆಜಿಗೆ 7 ಮಿಲಿಗ್ರಾಂ ದಾಟಿಸುವುದಿಲ್ಲ. ಲೈಪೊಸಕ್ಷನ್‌ನಲ್ಲಿ ಬಹಳ ತೆಳುವಾಗಿ ಬೆರೆಸಿ ಕೊಬ್ಬಿನೊಳಗೆ ಬಿಡುವುದರಿಂದ ರಕ್ತಕ್ಕೆ ನಿಧಾನಕ್ಕೆ ಸೇರುತ್ತದೆ. ಆ ಧೈರ್ಯದ ಮೇಲೆ ಕೆಜಿಗೆ 35 ಮಿಲಿಗ್ರಾಂವರೆಗೆ ಕೊಡುತ್ತಾರೆ. ಅಮೆರಿಕದ ಚರ್ಮವೈದ್ಯರ ಮಾರ್ಗಸೂಚಿ 55ರವರೆಗೂ ಒಪ್ಪುತ್ತದೆ. 35 ಅಂತಲೇ ಹಿಡಿದರೂ ನಿಮ್ಮ ತೂಕಕ್ಕೆ 2,700 ಮಿಲಿಗ್ರಾಂ ಮೇಲಾಯಿತು. ನಿಧಾನಕ್ಕೆ ಸೇರುವುದೇ ಅನುಕೂಲ, ಅದೇ ಅಪಾಯ ಕೂಡ. ರಕ್ತದಲ್ಲಿ ಅದರ ಮಟ್ಟ ತುದಿಗೆ ಏರುವುದು ಸುಮಾರು 8ರಿಂದ 18 ಗಂಟೆಯ ನಂತರ. ಬೆಳಗ್ಗೆ 11ಕ್ಕೆ ಔಷಧಿ ಬಿಟ್ಟರೆ ಸಂಜೆ 7ರಿಂದ ಮಾರನೇ ಬೆಳಗಿನ 5ರವರೆಗೆ.

ಆ ಹೊತ್ತಿನಲ್ಲಿ ನೀವು ಎಲ್ಲಿರುತ್ತೀರಿ? ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ, ಪರದೆ ಎಳೆದುಕೊಂಡು, ಹಿರಿಯೂರು ಚಳ್ಳಕೆರೆ ಮಧ್ಯೆ ಎಲ್ಲೋ. ಲಿಗ್ನೋಕೇನ್ ಮಿತಿ ಮೀರಿದಾಗ ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಮಂಪರು ಬರುತ್ತದೆ. ಸುಸ್ತಾಗಿದೆ ಅಂತ ಮಲಗಿಬಿಡುತ್ತೀರಿ. ಮುಂದೆ ಮೈ ಅದುರುತ್ತದೆ, ಫಿಟ್ಸ್ ಬರಬಹುದು, ಹೃದಯದ ಬಡಿತ ತಾಳ ತಪ್ಪಬಹುದು. ಇದಕ್ಕೆ ಚಿಕಿತ್ಸೆ ಇದೆ. ಲಿಪಿಡ್ ಎಮಲ್ಶನ್ ಅಂತ ಹಾಲಿನ ಬಣ್ಣದ ಡ್ರಿಪ್ ಕೊಡುತ್ತೇವೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಆದರೆ ಅದು ಬಸ್ಸಿನಲ್ಲಿ ಸಿಗುವುದಿಲ್ಲ. ನೀವು ಹೋಗುವ ಕ್ಲಿನಿಕ್‌ನಲ್ಲಾದರೂ ಇದೆಯಾ ಅಂತ ಕೇಳಿ. "ಅದೇನು?" ಅಂದರೆ ಎದ್ದು ಬನ್ನಿ.

ಇನ್ನೊಂದು ವಿಷಯ, ನಮ್ಮ ಬಿಸಿಲು ನಾಡಿಗೇ ಸೇರಿದ್ದು. ಇಲ್ಲಿ ಸೊಂಟದ ಸುತ್ತ, ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗದ ಮನೆ ಕಡಿಮೆ. ಅದಕ್ಕೆ ಇಟ್ರಾಕೊನಜೋಲ್ ಅನ್ನೋ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಾರೆ, ಎಷ್ಟೋ ಸಲ ಮೆಡಿಕಲ್ ಶಾಪಿನಿಂದ ತಾವೇ ತಂದುಕೊಂಡು. ಆ ಮಾತ್ರೆ ಲಿವರ್‌ನಲ್ಲಿ ಲಿಗ್ನೋಕೇನ್ ಕರಗುವುದನ್ನು ತಡೆಯುತ್ತದೆ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಅನ್ನೋ ಆ್ಯಂಟಿಬಯಾಟಿಕ್‌ಗಳೂ ಹಾಗೇ. ತುರಿಕೆಯ ಮಾತ್ರೆ ತಾನೇ, ಅದನ್ನೇನು ಹೇಳೋದು ಅಂತ ಯಾರೂ ಹೇಳುವುದಿಲ್ಲ. ಹೇಳಬೇಕು. ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದರಿಂದ ಹೊಟ್ಟೆ ತಡವಾಗಿ ಖಾಲಿಯಾಗುತ್ತದೆ. ಅರಿವಳಿಕೆ ಕೊಟ್ಟಾಗ ವಾಂತಿ ಶ್ವಾಸನಾಳಕ್ಕೆ ಹೋಗುವ ಭಯ ಇರುತ್ತದೆ.

ನಿಮ್ಮ ಹಾರ್ಮೋನ್ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಈಸ್ಟ್ರೋಜನ್ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಇಂಥ ಆಪರೇಷನ್‌ಗೆ ಸಾಮಾನ್ಯವಾಗಿ ನಾಲ್ಕು ವಾರ ಮೊದಲೇ ನಿಲ್ಲಿಸಲು ಹೇಳುತ್ತೇವೆ, ಬರೆದುಕೊಟ್ಟ ಡಾಕ್ಟರನ್ನು ಕೇಳಿಯೇ. ಮದುವೆ, ಪೂಜೆ ಅಂತ ಮುಟ್ಟು ಮುಂದೂಡಲು ನುಂಗುವ ಮಾತ್ರೆಯೂ ಇದೇ ಸಾಲಿಗೆ ಸೇರುತ್ತದೆ. ಈಗ ನಿಮ್ಮದನ್ನೇ ಕೂಡಿಸಿ ನೋಡಿ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 31 ದಾಟಿದೆ, ಅದು ಜಾಸ್ತಿ. ಹಾರ್ಮೋನ್ ಮಾತ್ರೆ ನಡೆಯುತ್ತಿದೆ. ಆಪರೇಷನ್ ಅಂದಮೇಲೆ ರಕ್ತ ತಾನಾಗಿಯೇ ಹೆಪ್ಪುಗಟ್ಟುವ ಕಡೆ ವಾಲುತ್ತದೆ. ಅದರ ಮೇಲೆ ರಾತ್ರಿಯಿಡೀ ಕಾಲು ಅಲ್ಲಾಡಿಸದೆ ಬಸ್ಸಿನ ಪ್ರಯಾಣ. ನಾನು ಆವತ್ತು ನೋಡಿದ ಹೆಣ್ಣುಮಗಳಿಗೂ ನಿಮಗೂ ಏನು ವ್ಯತ್ಯಾಸ ಉಳಿಯಿತು?

ಹೆದರಿಸಬೇಕು ಅಂತ ಹೇಳುತ್ತಿಲ್ಲ. ಲೆಕ್ಕವನ್ನೂ ಸರಿಯಾಗಿ ಹೇಳುತ್ತೇನೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನು ಕೇಳಿ ಮಾಡಿದ, 2000ದಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸುಮಾರು 5,000 ಲೈಪೊಸಕ್ಷನ್‌ಗೆ ಒಂದು ಸಾವು ಅಂತ ಬಂತು. ಸಾವಿನ ಕಾರಣಗಳಲ್ಲಿ ಮೊದಲನೇದು ಇದೇ, ಶ್ವಾಸಕೋಶಕ್ಕೆ ಹೋದ ಹೆಪ್ಪು. ಆ ಸಮೀಕ್ಷೆ ಎಲ್ಲರ ಕಣ್ಣು ತೆರೆಸಿತು. ಆಮೇಲೆ ಒಂದೇ ಸಲ ತೆಗೆಯುವ ಪ್ರಮಾಣಕ್ಕೆ ಮಿತಿ, ಕಾಲಿಗೆ ಹಾಕುವ ಒತ್ತಡದ ಸಾಕ್ಸ್, ಬೇಗ ಎಬ್ಬಿಸಿ ನಡೆಸುವುದು, ಇವೆಲ್ಲ ರೂಢಿಗೆ ಬಂದವು. ಒಳ್ಳೆಯ ಕೈಯಲ್ಲಿ, ಸರಿಯಾದ ಜಾಗದಲ್ಲಿ, ಸರಿಯಾದ ರೋಗಿಗೆ ಅಪಾಯ ಇದಕ್ಕಿಂತ ಕಡಿಮೆ. ಈ ಮೂರರಲ್ಲಿ ಒಂದು ತಪ್ಪಿದರೆ ಆ ಲೆಕ್ಕ ನಿಮಗೆ ಅನ್ವಯ ಆಗುವುದಿಲ್ಲ.

2022ರ ಮೇ ತಿಂಗಳ ಸುದ್ದಿ ನಿಮಗೂ ನೆನಪಿರಬಹುದು. ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ತಂದೆತಾಯಿಗೆ ಹೇಳದೆ ಹೋಗಿದ್ದರು ಅಂತ ಪತ್ರಿಕೆಗಳಲ್ಲಿ ಬಂತು. ಆ ವಾರ ನಮ್ಮ ಆಪರೇಷನ್ ಥಿಯೇಟರಿನಲ್ಲಿ ಬೇರೆ ಮಾತೇ ಇರಲಿಲ್ಲ. ನನಗೆ ಆ ತಾಯಿಯೇ ಕಣ್ಣ ಮುಂದೆ ಬರುತ್ತಿದ್ದರು.

ಈಗ ನಿಮ್ಮ ಹೊಟ್ಟೆಯ ವಿಷಯ. ಹೆರಿಗೆಯಾದ ಹೊಟ್ಟೆ ಮುಂದೆ ಬರುವುದಕ್ಕೆ ಕೊಬ್ಬು ಒಂದೇ ಕಾರಣ ಅಲ್ಲ. ಚರ್ಮದ ಕೆಳಗೆ ಕೊಬ್ಬು ಇರುತ್ತದೆ. ಕರುಳಿನ ಸುತ್ತ ಒಳಗೂ ಇರುತ್ತದೆ. ಚರ್ಮ ಜೋತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಯ ಮಧ್ಯದಲ್ಲಿ ಮೇಲಿಂದ ಕೆಳಗೆ ಇಳಿಯುವ ಎರಡು ಪಟ್ಟಿಯಂಥ ಸ್ನಾಯುಗಳು ಬಸುರಿನಲ್ಲಿ ದೂರ ಸರಿದು ಹಾಗೇ ಉಳಿದಿರುತ್ತವೆ. ಲೈಪೊಸಕ್ಷನ್ ಮುಟ್ಟುವುದು ಮೊದಲನೇದನ್ನು ಮಾತ್ರ. ಉಳಿದ ಮೂರಕ್ಕೆ ಅದರಿಂದ ಏನೂ ಆಗುವುದಿಲ್ಲ. ಕೊಬ್ಬು ತೆಗೆದ ಮೇಲೆ ಜೋತ ಚರ್ಮ ಇನ್ನೂ ಜಾಸ್ತಿ ಜೋಲಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ. ಹೊಕ್ಕುಳಿನ ಸ್ವಲ್ಪ ಮೇಲೆ ಬೆರಳುಗಳನ್ನು ಅಡ್ಡ ಇಟ್ಟು ತಲೆ, ಭುಜ ಸ್ವಲ್ಪ ಎತ್ತಿ. ಎರಡು ಬೆರಳಿಗಿಂತ ಅಗಲದ ಕಂದರ ಕೈಗೆ ಸಿಕ್ಕರೆ, ಅಥವಾ ಮಧ್ಯದಲ್ಲಿ ದೋಣಿಯ ತಳದ ಹಾಗೆ ಉಬ್ಬಿ ಬಂದರೆ, ನಿಮ್ಮ ತೊಂದರೆಯಲ್ಲಿ ದೊಡ್ಡ ಪಾಲು ಸ್ನಾಯುವಿನದು. ಅದಕ್ಕೆ ಫಿಸಿಯೋಥೆರಪಿಯಲ್ಲಿ ವ್ಯಾಯಾಮಗಳಿವೆ. ಅಂತರ ತೀರಾ ದೊಡ್ಡದಿದ್ದರೆ ಹೊಲಿಯಬೇಕಾಗುತ್ತದೆ, ಅದು ಬೇರೆ ಆಪರೇಷನ್, ಇದಕ್ಕಿಂತ ದೊಡ್ಡದು.

ಹಾಗೇ ಎದ್ದು ನಿಂತು ಜೋರಾಗಿ ಕೆಮ್ಮಿ. ಹೊಕ್ಕುಳಿನಲ್ಲಾಗಲಿ, ಹಳೆಯ ಹೊಲಿಗೆಯ ಜಾಗದಲ್ಲಾಗಲಿ ಗಂಟು ಉಬ್ಬುತ್ತದಾ ನೋಡಿ. ಎರಡು ಸಿಸೇರಿಯನ್ ಆದವರಲ್ಲಿ ಸಣ್ಣ ಹರ್ನಿಯಾ ಇದ್ದು ಗೊತ್ತೇ ಆಗದಿರುವುದು ಉಂಟು. ಅಂದರೆ ಆ ಜಾಗದಲ್ಲಿ ಕರುಳಿನ ಒಂದು ಮಡಿಕೆ ಚರ್ಮದ ಕೆಳಗೇ ಬಂದು ಕೂತಿರುತ್ತದೆ. ಸರ್ಜನ್ ಕೊಳವೆಯನ್ನು ಕಣ್ಣಿಂದ ನೋಡಿ ಓಡಿಸುವುದಿಲ್ಲ, ಇನ್ನೊಂದು ಕೈಯ ಅಂದಾಜಿನ ಮೇಲೆ ಓಡಿಸುತ್ತಾರೆ. ಕೊಳವೆ ಕರುಳಿಗೆ ತೂತು ಮಾಡಿದರೆ ಆವತ್ತು ಏನೂ ಗೊತ್ತಾಗುವುದಿಲ್ಲ. ಮೂರನೇ ದಿನ ಹೊಟ್ಟೆ ಉಬ್ಬಿ, ಜ್ವರ ಬಂದು, ವಾಂತಿ ಶುರುವಾದಾಗ ಗೊತ್ತಾಗುತ್ತದೆ. ಗಾಯದ ನೋವು ತಾನೇ ಅಂತ ನೋವಿನ ಮಾತ್ರೆ ನುಂಗುತ್ತಾ ಕೂತವರು ತಡವಾಗಿ ಬರುತ್ತಾರೆ. ಒಂದು ಅಲ್ಟ್ರಾಸೌಂಡ್ ಮಾಡಿಸಿ, ಹೊಟ್ಟೆಯ ಗೋಡೆಯನ್ನೂ ನೋಡಿ ಅಂತ ಸ್ಕ್ಯಾನ್ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

"8ರಿಂದ 10 ಕೆಜಿ" ಅನ್ನೋ ಮಾತನ್ನು ಫೋನಿನಲ್ಲಿ ಹೇಳಿದವರು ಡಾಕ್ಟರ್ ಅಲ್ಲ ಅಂತ ನನಗೆ ಖಾತ್ರಿ. ಒಂದೇ ಸಲಕ್ಕೆ 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣದ ಲೈಪೊಸಕ್ಷನ್ ಅಂತ ಕರೆಯುತ್ತಾರೆ, ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕು. ಆ 5 ಲೀಟರಿನಲ್ಲೂ ಎಲ್ಲ ಕೊಬ್ಬಲ್ಲ, ನೀರೂ ಇರುತ್ತದೆ. ಪೂರ್ತಿ ಕೊಬ್ಬೇ ಅಂತ ಹಿಡಿದರೂ ಲೀಟರಿಗೆ ಸುಮಾರು 900 ಗ್ರಾಂ, ಒಟ್ಟು ನಾಲ್ಕೂವರೆ ಕೆಜಿ. 10 ಕೆಜಿ ಇಳಿಸುತ್ತೇವೆ, ಸಂಜೆ ಮನೆಗೆ ಕಳಿಸುತ್ತೇವೆ ಅನ್ನೋರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲಾ ಮಾಡಬಾರದ್ದನ್ನು ಮಾಡಲು ಹೊರಟಿದ್ದಾರೆ. ಎರಡೂ ನಿಮಗೆ ಬೇಡ.

ಇದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ತೂಕ ಸುಮಾರಾಗಿ ಹಿಡಿತದಲ್ಲಿದ್ದು, ಒಂದೆರಡು ಜಾಗದಲ್ಲಿ ಮಾತ್ರ ಹಟ ಹಿಡಿದು ಕೂತ ಕೊಬ್ಬಿಗೆ ಆಕಾರ ಕೊಡಲು ಇರುವುದು. ಶುಗರ್, ಬಿಪಿ ಕಡಿಮೆಯಾಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ತೂಕ ಜಾಸ್ತಿ ಇದ್ದ 15 ಹೆಂಗಸರ ಹೊಟ್ಟೆಯಿಂದ ಸುಮಾರು 10 ಕೆಜಿ ಕೊಬ್ಬು ತೆಗೆದು, ಎರಡೂವರೆ ಮೂರು ತಿಂಗಳ ನಂತರ ಪರೀಕ್ಷೆ ಮಾಡಿದರು. ಇನ್ಸುಲಿನ್, ಬಿಪಿ, ಕೊಲೆಸ್ಟರಾಲ್ ಯಾವುದೂ ಸುಧಾರಿಸಿರಲಿಲ್ಲ. ಕಾಯಿಲೆ ತರುವ ಕೊಬ್ಬು ಕರುಳಿನ ಸುತ್ತ ಇರುವುದು, ಕೊಳವೆ ಅಲ್ಲಿಗೆ ಹೋಗುವುದಿಲ್ಲ, ಹೋಗಲೂಬಾರದು.

ಮದುವೆಯ ಹೊತ್ತಿಗೆ ಚೆನ್ನಾಗಿ ಕಾಣಬೇಕು ಅಂದಿರಿ. ಈಗ ಮಾಡಿಸಿದರೆ ಮೇ ತಿಂಗಳಲ್ಲಿ ಊತ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು. ಮೊದಲ ವಾರಗಳಲ್ಲಿ ಮೈ ನೀಲಿಗಟ್ಟಿರುತ್ತದೆ, ಮುಟ್ಟಿದರೆ ಮರದ ಹಲಗೆಯಂತೆ ಗಟ್ಟಿ ಇರುತ್ತದೆ, ಅಲ್ಲಲ್ಲಿ ಸ್ಪರ್ಶವೇ ಗೊತ್ತಾಗುವುದಿಲ್ಲ. ಆ ಹೆಣ್ಣುಮಗಳ ನೈಟಿಯೊಳಗೆ ಕಂಡಂಥ ಬಿಗಿ ಬಟ್ಟೆಯನ್ನು ನಾಲ್ಕರಿಂದ ಆರು ವಾರ ಹಗಲು ರಾತ್ರಿ ಹಾಕಿಕೊಂಡಿರಬೇಕು. ಏಪ್ರಿಲ್ ತಿಂಗಳ ಸಿಂಧನೂರಿನಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನ, ಕರೆಂಟ್ ಹೋದಾಗ. ಯೋಚನೆ ಮಾಡಿ. ಬೆವರು ಕುದಿದು ಚರ್ಮ ಹಸಿಯಾಗುತ್ತದೆ, ತೂತಿನ ಜಾಗದಲ್ಲಿ ಕೀವಾಗುತ್ತದೆ. ಸೆಕೆ ತಾಳಲಾರದೆ ಬಿಚ್ಚಿಟ್ಟರೆ ಒಳಗೆ ನೀರು ತುಂಬಿ ಗುಳ್ಳೆ ಕಟ್ಟುತ್ತದೆ. ಮಾಡಿಸಲೇಬೇಕು ಅನ್ನೋರಿಗೆ ನಮ್ಮ ಕಡೆ ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ.

ಸೋಂಕಿನ ಬಗ್ಗೆ ಇಷ್ಟು ಹೇಳಿ ಮುಗಿಸುತ್ತೇನೆ. ಮಾಮೂಲಿ ಕೀವು ವಾರದೊಳಗೆ ಕಾಣುತ್ತದೆ. ಕೊಳವೆಗಳನ್ನು ಸರಿಯಾಗಿ ಆಟೋಕ್ಲೇವ್ ಮಾಡದೆ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಇಟ್ಟು ಕ್ರಿಮಿ ಕೊಲ್ಲದೆ, ಔಷಧಿಯಲ್ಲಿ ಅದ್ದಿ ನಲ್ಲಿ ನೀರಲ್ಲಿ ತೊಳೆದು ಬಳಸಿದರೆ ಟಿಬಿಯ ದಾಯಾದಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಅದು ಮೂರು ವಾರವೋ ಎರಡು ತಿಂಗಳೋ ಆದಮೇಲೆ ಗಂಟುಗಂಟಾಗಿ ಹೊರಬರುತ್ತದೆ, ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ. ನೋವು ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ತಡೆಯಲಾರದಷ್ಟು ಏರುತ್ತಿದ್ದರೆ, ಚರ್ಮ ಕಪ್ಪಾಗುತ್ತಿದ್ದರೆ, ಬೆಳಗಾಗುವವರೆಗೆ ಕಾಯಬೇಡಿ.

ಇಷ್ಟೆಲ್ಲ ಓದಿಯೂ ಮುಂದೆ ಯಾವಾಗಲಾದರೂ ಮಾಡಿಸುತ್ತೇನೆ ಅಂದರೆ ನಾನು ತಡೆಯುವುದಿಲ್ಲ. ಆದರೆ ಯಾರ ಕೈಗೆ ಮೈ ಕೊಡುತ್ತಿದ್ದೀರಿ ಅಂತ ತಿಳಿದುಕೊಳ್ಳಿ. ಸುಮ್ನೆ "ಕಾಸ್ಮೆಟಿಕ್ ಸರ್ಜನ್" ಅಂತ ಬೋರ್ಡು ಇದ್ದರೆ ಸಾಲದು. ಎಂಬಿಬಿಎಸ್, ಎಂಎಸ್ ಆದಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಆಗಿದೆಯಾ ನೋಡಿ. ಸಣ್ಣ ಪ್ರಮಾಣದ್ದನ್ನು ತರಬೇತಾದ ಚರ್ಮವೈದ್ಯರೂ ಮಾಡುತ್ತಾರೆ. ಅವರ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳುವುದು ಅವಮಾನ ಅಲ್ಲ, ನಿಮ್ಮ ಹಕ್ಕು. ಕರ್ನಾಟಕದಲ್ಲಿ ಯಾವ ಖಾಸಗಿ ಕ್ಲಿನಿಕ್ಕೇ ಆಗಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು, ಕೆಪಿಎಂಇ ಅಂತಾರೆ. ಆ ಸರ್ಟಿಫಿಕೇಟನ್ನು ಓದಿ ನೋಡಿ. ಬರೀ ಕ್ಲಿನಿಕ್ ಅಂತ ಇದೆಯೋ, ಆಪರೇಷನ್ ಮಾಡಿ ಒಳರೋಗಿಯಾಗಿ ಇಟ್ಟುಕೊಳ್ಳುವ ಆಸ್ಪತ್ರೆ ಅಂತ ಇದೆಯೋ?

ಆಮೇಲೆ ನನ್ನ ಕಸುಬಿನವರ ಬಗ್ಗೆ ಕೇಳಿ. ಅರಿವಳಿಕೆ ಡಾಕ್ಟರ್ ಯಾರು? ಆಪರೇಷನ್ ಮುಗಿಯುವವರೆಗೂ ಇರುತ್ತಾರಾ, ಇಂಜೆಕ್ಷನ್ ಕೊಟ್ಟು ಇನ್ನೊಂದು ಕಡೆ ಓಡುತ್ತಾರಾ? ಹಿಂದಿನ ದಿನವೇ ನಿಮ್ಮನ್ನು ನೋಡಿ, ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಇಸಿಜಿ ನೋಡಿ, ನೀವು ನುಂಗುವ ಮಾತ್ರೆಗಳ ಪಟ್ಟಿ ಬರೆದುಕೊಳ್ಳುತ್ತಾರಾ? ನಮ್ಮ ಕಡೆ 9, 9.5 ಹಿಮೋಗ್ಲೋಬಿನ್ ಇಟ್ಟುಕೊಂಡೇ ಮನೆಗೆಲಸ, ಹೊಲದ ಕೆಲಸ ಎಲ್ಲ ಮಾಡುವ ಹೆಣ್ಣುಮಕ್ಕಳನ್ನು ದಿನಾ ನೋಡುತ್ತೇನೆ. ಹೆರಿಗೆಯಂಥ ಆಪರೇಷನ್ ಬೇರೆ, ಅದು ಮಾಡಲೇಬೇಕು. ಅಂದಕ್ಕಾಗಿ ಮಾಡುವ ಆಪರೇಷನ್‌ಗೆ ಅಷ್ಟು ಕಡಿಮೆ ರಕ್ತ ಇಟ್ಟುಕೊಂಡು ಮೇಜು ಹತ್ತಬಾರದು. ರಾತ್ರಿ ಅಲ್ಲಿ ಯಾರಿರುತ್ತಾರೆ, ಡಾಕ್ಟರೋ ಬರೀ ಒಬ್ಬ ಹುಡುಗಿ ನರ್ಸೋ? ಐಸಿಯು ಅದೇ ಕಟ್ಟಡದಲ್ಲಿದೆಯೋ, ಟ್ರಾಫಿಕ್ಕಿನಲ್ಲಿ ಆಂಬುಲೆನ್ಸಿನಲ್ಲಿ ಹೋಗಬೇಕೋ? ಇವುಗಳಿಗೆ ಮುಖ ಸಣ್ಣ ಮಾಡದೆ ಉತ್ತರ ಕೊಡುವ ಜಾಗದಲ್ಲಿ ಮಾತ್ರ ಕಾಗದಕ್ಕೆ ಸಹಿ ಹಾಕಿ. ಆ ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ. ಆರೋಗ್ಯ ವಿಮೆ ಸಾಮಾನ್ಯವಾಗಿ ಅಂದಕ್ಕಾಗಿ ಮಾಡುವ ಆಪರೇಷನ್‌ಗೆ ದುಡ್ಡು ಕೊಡುವುದಿಲ್ಲ, ಅದರಿಂದ ತೊಂದರೆಯಾಗಿ ಐಸಿಯು ಸೇರಿದರೂ ತಕರಾರು ತೆಗೆಯುತ್ತದೆ. ಕಂತು ಕಟ್ಟುವ ಮೊದಲು ಅದನ್ನೂ ನೋಡಿ.

ಕೊನೆಗೆ ಮನೆಯ ಮಾತು. ನೋಡಮ್ಮ, ಗಂಡನ ಒಪ್ಪಿಗೆ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮೈ ನಿಮ್ಮದು, ವಯಸ್ಸು 31, ತೀರ್ಮಾನ ನಿಮ್ಮದೇ. ಆದರೆ ಗೊತ್ತಿರುವ ಒಬ್ಬರಾದರೂ ಬೇಕು. ತಂಗಿಗೆ ಹೇಳಿ. ಸುಳ್ಳಿಗೆ ಆಕೆಯ ಮನೆಯ ಹೆಸರು ಬಳಸುವ ಬದಲು ಆಕೆಯನ್ನೇ ಜೊತೆಗೆ ಕರೆದುಕೊಂಡು ಹೋಗಿ. ಎಷ್ಟು ಲೀಟರ್ ಒಳಗೆ ಹೋಯಿತು, ಎಷ್ಟು ತೆಗೆದರು, ಲಿಗ್ನೋಕೇನ್ ಎಷ್ಟು ಕೊಟ್ಟರು ಅಂತ ಬರೆದ ಡಿಸ್ಚಾರ್ಜ್ ಕಾಗದ ಆಕೆಯ ಬ್ಯಾಗಿನಲ್ಲಿರಲಿ. ಮುಂದೆ ದಮ್ಮು ಹತ್ತಿದರೆ, ಎದೆ ಹಿಡಿದರೆ, ಕಾಲು ಒಂದೇ ಕಡೆ ಊದಿದರೆ, ತಲೆ ಗಲಿಬಿಲಿಯಾದರೆ 108ಕ್ಕೆ ಫೋನ್ ಮಾಡಿ ರಾಯಚೂರಿನ ರಿಮ್ಸ್‌ಗೋ, ಬಳ್ಳಾರಿಯಲ್ಲಿ ನಾವು ಈಗಲೂ ವಿಮ್ಸ್ ಅನ್ನೋ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಬನ್ನಿ. ಬಂದವರು ಬಾಗಿಲಲ್ಲೇ "ಲೈಪೊಸಕ್ಷನ್ ಆಗಿದೆ, ಇಷ್ಟು ದಿನ ಆಯ್ತು" ಅಂತ ಮೊದಲು ಹೇಳಲಿ. ಅತ್ತೆ ಪಕ್ಕದಲ್ಲಿದ್ದರೂ ಹೇಳಲಿ.

ಸದ್ಯಕ್ಕೆ ಈ ವಾರ ಸಿಂಧನೂರಿನಲ್ಲೇ ರಕ್ತ ಪರೀಕ್ಷೆ, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ನಿಮ್ಮ ಮುಟ್ಟಿನ ತೊಂದರೆಗೂ ತೂಕಕ್ಕೂ ಥೈರಾಯ್ಡೋ, ಅಂಡಾಶಯದ ಹಾರ್ಮೋನ್ ಏರುಪೇರಾದ ಪಿಸಿಒಡಿಯೋ ಕಾರಣ ಇರಬಹುದು, ಅದಕ್ಕೆ ಔಷಧಿ ಇದೆ. ರಿಪೋರ್ಟು ಬಂದಮೇಲೆ ಇನ್ನೊಂದು ಸಲ ಬರೆಯಿರಿ, ನಾನು ನೋಡುತ್ತೇನೆ. ಕ್ಲಿನಿಕ್‌ನವರು ಮುಂಗಡ ಕಟ್ಟಿಸಿಕೊಂಡಿದ್ದರೆ ಇವತ್ತೇ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳಿ. ಬಸ್ಸಿನ ಟಿಕೆಟ್ ತೆಗೆಸಿದ್ದರೆ ಅದನ್ನೂ ಕ್ಯಾನ್ಸಲ್ ಮಾಡಿ.